ಕಲಂ ಹದಿನಾಲ್ಕು

ಒಪ್ಪಂದದ ಕರಡು ನನ್ನ ಮೇಜಿಗೆ ಬಂದಾಗ
ಕಲಂ ಹದಿನಾಲ್ಕು ಒಂದೇ ಸಾಲು:
"ಹೊಸ ಯಂತ್ರಗಳ ಮೇಲೆ ಕಾರ್ಮಿಕರಿಗೆ
ತರಬೇತಿಯ ಅವಕಾಶ ಕಲ್ಪಿಸಬಹುದು."

ಬೋನಸ್ಸಿಗೆ ಎರಡು ಪುಟ. ತುಟ್ಟಿಭತ್ಯೆಗೆ ಒಂದೂವರೆ.
ಚಹಾದ ಬಿಡುವಿಗೂ ಉಪಕಲಂ ಅ, ಆ, ಇ.
ಇದಕ್ಕೆ ಮಾತ್ರ ಬಸ್ಸಿನ ಕೊನೆಯ ಸೀಟಲ್ಲಿ
ಸರಿದು ಕೊಟ್ಟಷ್ಟು ಜಾಗ.

ನಾನು ಯೂನಿಯನ್ನಿನ ಗುಮಾಸ್ತ.
ಹಂಪನಕಟ್ಟೆಯ ಎರಡನೆಯ ಮಾಳಿಗೆಯಲ್ಲಿ,
ಕೆಳಗೆ ಕಂಡಕ್ಟರುಗಳು ಸುರತ್ಕಲ್ ಸುರತ್ಕಲ್ ಎಂದು ಕೂಗುವಾಗ
ಇಂಗ್ಲಿಷನ್ನು ಕನ್ನಡಕ್ಕೆ, ಕನ್ನಡವನ್ನು ತುಳುವಿಗೆ
ಇಳಿಸುವುದು ನನ್ನ ಕೆಲಸ.
ತುಳುವಿನಿಂದ ಮೇಲಕ್ಕೆ ಹತ್ತಿಸುವುದು
ಯಾರ ಕೆಲಸವೂ ಅಲ್ಲ.

ಕುಳೂರಿನ ಗೇರುಬೀಜದ ಫ್ಯಾಕ್ಟರಿಯ ಗೇಟಿನ ಹತ್ತಿರ
ಮಧ್ಯಾಹ್ನ ಓದಿ ಹೇಳಿದೆ.
ಗಂಜಿಯ ಬುತ್ತಿ ಮುಚ್ಚಿಟ್ಟು ಕೇಳಿದರು
ಸೆವ್ರಿನ್ ಬಾಯಿ, ಮೈಮೂನ, ಗಿರಿಜಾ ಪೂಜಾರ್ತಿ,
ಗೇರೆಣ್ಣೆಗೆ ಕಪ್ಪಾದ ಬೆರಳು ಸೆರಗಿನಲ್ಲಿ ಅಡಗಿಸಿ.
"ಕಲ್ಪಿಸುವುದು ಅಂದರೆ?" ಕೇಳಿದಳು ಗಿರಿಜಾ.
"ಕೊಡುವುದು" ಅಂದೆ.
"ಅಲ್ಲ ಮಾರಾಯ್ರೆ, ಕಲ್ಪುನಿ ಅಂದರೆ ಕಲಿಯುವುದು,
ಕಲ್ಪಾವುನಿ ಅಂದರೆ ಕಲಿಸುವುದು, ನಮ್ಮಲ್ಲಿ.
ನಿಮ್ಮ ಕನ್ನಡದಲ್ಲಿ ಕಲ್ಪನೆ ಅಂತ ಇನ್ನೊಂದು ಉಂಟಲ್ಲ,
ಅದಾ ಇದು?"
ಎಲ್ಲರೂ ನಕ್ಕರು. ನಾನೂ ನಕ್ಕೆ.
ವಾಪಸು ಬರುವಾಗ ಬಸ್ಸಿನಲ್ಲಿ ಹೊಳೆಯಿತು:
ಅದೇ ಇದು.

ಮರುದಿನ ಮಾತುಕತೆ. ಎದುರಿಗೆ ಮ್ಯಾನೇಜರ್ ವಾಗ್ಳೆ.
"ಬಹುದು ಹೊಡೆಯಿರಿ, ತಕ್ಕದ್ದು ಬರೆಯಿರಿ."
ಆ ಒಂದು ಪದಕ್ಕೆ ಮೂರು ಸುತ್ತು ಚಹಾ,
ಎರಡು ಸಲ ಎದ್ದು ಹೋಗುವ ನಟನೆ.
"ಏಳು ದಿನ." "ಹದಿನೈದು. ಪೂರ್ತಿ ಮಜೂರಿ ಸಹಿತ,
ತೂಕದ ಲೆಕ್ಕವಲ್ಲ, ದಿನದ ಲೆಕ್ಕ.
ಕಲಿಯುವವಳ ಕೈಯಲ್ಲಿ ಕಿಲೋ ಏರುವುದಿಲ್ಲ."

ಎಲ್ಲ ಮುಗಿದು ಸಹಿಗೆ ಪೆನ್ನು ತೆರೆದಾಗ
ಮೂಲೆಯ ಕುರ್ಚಿಯಿಂದ ಸೆವ್ರಿನ್ ಬಾಯಿ,
ಮೂವತ್ತೊಂದು ವರ್ಷ ಬೀಜ ಒಡೆದವರು,
ಕೊಂಕಣಿಯ ಎಳೆ ಬೆರೆತ ತುಳುವಿನಲ್ಲಿ ಕೇಳಿದರು:
"ಕಲ್ಪರೆ ಆವಂದೆ ಪೋಂಡ?"
ಕಲಿಯಲು ಆಗದೆ ಹೋದರೆ?

ಫ್ಯಾನು ತಿರುಗುತ್ತಿತ್ತು.
ಕರಡಿನಲ್ಲಿ ಅದಕ್ಕೆ ಕಲಂ ಇರಲಿಲ್ಲ.
ನನಗೆ ನೆನಪಾದದ್ದು ತೊಂಬತ್ತೇಳನೇ ಇಸವಿ,
ಟೈಪ್‌ರೈಟರ್ ಎತ್ತಿಕೊಂಡು ಹೋಗಿ
ಕಂಪ್ಯೂಟರ್ ತಂದಿಟ್ಟ ಆ ಸೋಮವಾರ.
ಯೂನಿಯನ್ನಿನ ಗುಮಾಸ್ತನಿಗೆ ಯಾವ ಯೂನಿಯನ್ನು?
ರಾತ್ರಿ ಬಾಗಿಲು ಹಾಕಿ, ಒಂದೇ ದೀಪ ಉರಿಸಿ,
ಕಳ್ಳನ ಹಾಗೆ ಒಂದೊಂದೇ ಕೀ ಒತ್ತಿ ನೋಡಿದೆ.
ಒಮ್ಮೆ ಸದಸ್ಯರ ಪಟ್ಟಿಯೇ ಅಳಿಸಿಹೋಯಿತು;
ಬೆಳಗಿನವರೆಗೆ ರಸೀದಿ ನೋಡಿ ನೋಡಿ ಮತ್ತೆ ಹೊಡೆದೆ
ಎಂಟುನೂರ ಹನ್ನೆರಡು ಹೆಸರು.
ಈವರೆಗೆ ಯಾರಿಗೂ ಹೇಳಿಲ್ಲ.

"ಇನ್ನೊಮ್ಮೆ ಕಲಿಸುವ" ಅಂದರು ವಾಗ್ಳೆ, ಗಡಿಯಾರ ನೋಡುತ್ತ.
"ಬರೆಯಿರಿ" ಅಂದರು ಸೆವ್ರಿನ್ ಬಾಯಿ.
ಅಂಚಿನಲ್ಲಿ ನನ್ನ ಕೈಬರಹ, ನೀಲಿ ಶಾಯಿ:
ಕಲಿಯಲು ಸಾಧ್ಯವಾಗದವರಿಗೆ ಇನ್ನೊಮ್ಮೆ.
ಪಕ್ಕದಲ್ಲಿ ವಾಗ್ಳೆಯವರ ಚುಟುಕು ಸಹಿ.
ಸೆವ್ರಿನ್ ಬಾಯಿಗೂ ಸಹಿ ಬರುತ್ತದೆ,
ಆದರೂ ಹೆಬ್ಬೆರಳೇ ಒತ್ತಿದರು.
ಒಂದು ಗೆರೆಯೂ ಮೂಡಲಿಲ್ಲ,
ಬರೀ ದುಂಡಗಿನ ಕಲೆ, ಹುರಿದ ಬೀಜದಷ್ಟು ಕಪ್ಪು.

ಹನ್ನೊಂದನೆಯ ದಿನಕ್ಕೆ ತರಬೇತಿ ನಿಂತಿತು.
ಕೊಯಮತ್ತೂರಿನಿಂದ ಬಂದ ಹುಡುಗನಿಗೆ
ಬೇರೆಲ್ಲೋ ಮೆಷಿನ್ನು ಕೂರಿಸಲಿಕ್ಕಿತ್ತಂತೆ.
ನಾಲ್ಕು ದಿನ ಬಾಕಿ. ಪತ್ರ ಹೋಗಿದೆ. ಉತ್ತರ ಇಲ್ಲ.
ಮೊನ್ನೆ ಸೆವ್ರಿನ್ ಬಾಯಿಯ ಫೋನು:
ಹಸಿರು ಗುಂಡಿ ಗೊತ್ತಾಯಿತಂತೆ, ಕೆಂಪೂ ಗೊತ್ತಾಯಿತಂತೆ,
ನಡುವಿನ ಹಳದಿ ಯಾಕೆಂದು
ಯಾರೂ ಹೇಳಿಲ್ಲವಂತೆ.
"ಇನ್ನೊಮ್ಮೆ ಅಂತ ಬರೆದದ್ದು ಉಂಟಲ್ಲ," ಅಂದರು,
"ಅದು ಯಾವಾಗ?"